ಸ್ಪೆಷಲ್ ಒಲಿಂಪಿಕ್ಸ್‌ನಲ್ಲಿ ನಿಧಾನವಾಗಿ ಓಡಿದವರಿಗೂ ಚಿನ್ನ ಸಿಗುವುದು ಹೇಗೆ?

ಅಲ್ಲಿ ಎಲ್ಲರನ್ನೂ ಒಂದೇ ಓಟದಲ್ಲಿ ನಿಲ್ಲಿಸುವುದಿಲ್ಲ, ಅದಕ್ಕೇ. ಬೌದ್ಧಿಕ ಅಂಗವೈಕಲ್ಯ ಇರುವವರಿಗಾಗಿ 1968ರಲ್ಲಿ ಶಿಕಾಗೋದಲ್ಲಿ ಶುರುವಾದ ಕೂಟ ಇದು. ಮೊದಲು ಒಂದು ಸುತ್ತು ಓಡಿಸಿ, ಆ ಸಮಯದ ಜೊತೆಗೆ ವಯಸ್ಸು, ಲಿಂಗ ನೋಡಿ ಸುಮಾರು 3ರಿಂದ 8 ಜನರ ಗುಂಪು ಮಾಡುತ್ತಾರೆ. 100 ಮೀಟರನ್ನು 15 ಸೆಕೆಂಡಲ್ಲಿ ಓಡುವವರದು ಒಂದು ಗುಂಪು, 25 ಸೆಕೆಂಡಿನವರದು ಇನ್ನೊಂದು. ಎರಡರಲ್ಲೂ ಗೆದ್ದವರಿಗೆ ಚಿನ್ನವೇ. ಸುಮ್ನೆ ಸಮಾಧಾನಕ್ಕೆ ಕೊಡುವ ಪದಕ ಅಲ್ಲ, ಪಕ್ಕದ ಲೇನಿನವರೂ ನಿಮ್ಮಷ್ಟೇ ವೇಗದವರಾಗಿದ್ದರೆ ಕೊನೆಯ ಹೆಜ್ಜೆವರೆಗೂ ಬೆವರು ಸುರಿಸಲೇಬೇಕು, ಅಲ್ವಾ? ಮೊದಲ ಸುತ್ತಿನಲ್ಲಿ ಬೇಕಂತಲೇ ನಿಧಾನ ಮಾಡಿ ಸುಲಭದ ಗುಂಪಿಗೆ ನುಸುಳಿದರೆ? ಫೈನಲ್‌ನಲ್ಲಿ ವೇಗ ಇದ್ದಕ್ಕಿದ್ದಂತೆ ತೀರಾ ಜಾಸ್ತಿಯಾದರೆ ಅನರ್ಹ ಮಾಡುವ ನಿಯಮ ಅದಕ್ಕೇ ಇರುವುದು.