ಕುರಿಗಾಹಿಗೆ ಹೇಗೆ ಗೊತ್ತಾಯಿತು?

ಪತ್ರ: ಸಂಪಾದಕರಿಗೆ ನಮಸ್ಕಾರ. ನಾವು ಐದು ಜನ ಪ್ರತಿ ಭಾನುವಾರ ಮಧ್ಯಾಹ್ನ ನಮ್ಮ ಮನೆಯ ಊಟದ ಮೇಜಿನ ಸುತ್ತ ಕುಳಿತು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಡುತ್ತೇವೆ. ಒಬ್ಬೊಬ್ಬರೂ ಒಂದೊಂದು ಪಾತ್ರ ವಹಿಸಿ, ದಾಳ ಉರುಳಿಸುತ್ತಾ, ಮಾತಿನಲ್ಲೇ ಸಾಹಸದ ಕತೆ ಕಟ್ಟುವ ಆಟ ಅದು. ಆಟ ನಡೆಸುವ ಡಂಜನ್ ಮಾಸ್ಟರ್ ನಾನೇ. ಕಳೆದ ವಾರದ ಕತೆಯಲ್ಲಿ ಸೇತುವೆಯ ಕೆಳಗಿನಿಂದ ಟ್ರೋಲ್ ಎಂಬ ರಾಕ್ಷಸಪ್ರಾಣಿಯೊಂದು ಎದ್ದು ಬಂದಿತು. ಊರು ಬಿಟ್ಟು ಹೊರಗೆ ಹೋಗದ ಕುರಿಗಾಹಿಯ ಪಾತ್ರ ವಹಿಸಿದ್ದ ಹುಡುಗ ಕತ್ತಿಗೆ ಕೈ ಹಾಕಲೇ ಇಲ್ಲ, ನೇರವಾಗಿ ದೀಪದ ಎಣ್ಣೆ ಎರಚಿ ಪಂಜು ಎಸೆದ. ಟ್ರೋಲ್‌ಗೆ ಬೆಂಕಿಯೇ ಮದ್ದು ಎಂಬುದು ಆಟಗಾರನಿಗೆ ಗೊತ್ತು, ಸರಿ. ಕುರಿಗಾಹಿಗೆ ಹೇಗೆ ಗೊತ್ತು? ನಾನು ಅವನ ಅನುಭವದ ಅಂಕಗಳನ್ನು ಕಡಿತಗೊಳಿಸಿದೆ. ಅವನು ಮುನಿಸಿಕೊಂಡಿದ್ದಾನೆ. ತಪ್ಪು ಯಾರದು?
(ಓದುಗರೊಬ್ಬರು, ಬೆಂಗಳೂರು)

ಉತ್ತರ: ನಿಮ್ಮ ಪಾಲಿನ ನ್ಯಾಯವನ್ನು ಮೊದಲೇ ಒಪ್ಪಿಬಿಡುತ್ತೇನೆ, ಜಗಳ ಆಮೇಲೆ ಆಡೋಣ. ಈ ಆಟಕ್ಕೆಂದೇ ಅಂಗಡಿಯಲ್ಲಿ ಸಿಗುವ ಸಾಹಸಕಥೆಯ ಪುಸ್ತಕವನ್ನು ಹಿಂದಿನ ರಾತ್ರಿ ಓದಿಕೊಂಡು ಬಂದು, ಯಾವ ಬಾಗಿಲ ಹಿಂದೆ ನಿಧಿಯಿದೆ, ಯಾವ ಹಾಸುಗಲ್ಲಿನ ಕೆಳಗೆ ಗುಂಡಿಯಿದೆ ಎಂದು ನೇರ ನಡೆದುಹೋಗುವವನು ಕಳ್ಳ. ಅವನನ್ನು ಎಬ್ಬಿಸಿ ಕಳುಹಿಸಿ, ನನ್ನ ಆಕ್ಷೇಪವಿಲ್ಲ.

ಆದರೆ ನಿಮ್ಮ ಹುಡುಗ ಕದ್ದದ್ದು ಏನನ್ನು? ಈ ಆಟ ಮೊದಲು ಅಚ್ಚಾದದ್ದು 1974ರಲ್ಲಿ, ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬ ಇಬ್ಬರು ಅಮೆರಿಕನ್ನರಿಂದ. ಟ್ರೋಲ್‌ನ ಗಾಯ ತಾನೇ ಕೂಡಿಕೊಳ್ಳುತ್ತದೆ, ಬೆಂಕಿಯೋ ಆಮ್ಲವೋ ತಾಗಿದರೆ ಮಾತ್ರ ಅದಕ್ಕೆ ಸಾವು ಎಂಬ ಸಂಗತಿ ಆ ಕಾಲದ್ದು. ಅದೂ ಅವರ ಸ್ವಂತ ಕಲ್ಪನೆಯಲ್ಲ, ಪೋಲ್ ಆಂಡರ್ಸನ್ ಅವರ ಕಾದಂಬರಿಯೊಂದರಿಂದ ಎತ್ತಿಕೊಂಡದ್ದು. ಆ ಕಾದಂಬರಿ ಓದಿದ್ದವನಿಗೆ ಮೊದಲ ದಿನದ ಆಟದಲ್ಲೇ ಗುಟ್ಟು ತಿಳಿದಿತ್ತು. ಐವತ್ತು ವರ್ಷ ಹಳತಾದ ಗುಟ್ಟನ್ನು ಸೇತುವೆಯ ಕೆಳಗೆ ಬಚ್ಚಿಟ್ಟು, ಯಾರಿಗೂ ಗೊತ್ತಿರಬಾರದು ಎಂದು ಕುಳಿತವರು ನೀವು. ತಾಯಿ, ಸ್ವಲ್ಪ ಸೋಮಾರಿತನ ನಿಮ್ಮದೂ ಇದೆ.

ಇನ್ನೊಂದು ಮಾತು. ಬೆಂಕಿಯ ವಿಷಯ ಗೊತ್ತಿರುವ ಆಟಗಾರ ನಿಮ್ಮ ಮುಲಾಜಿಗೆ ಕಟ್ಟುಬಿದ್ದು ಮೂರು ಸುತ್ತು ಕತ್ತಿ ಬೀಸುತ್ತಾನೆ, ಕೊಡಲಿ ಬೀಸುತ್ತಾನೆ, ನಾಲ್ಕನೆಯ ಸುತ್ತಿನಲ್ಲಿ ‘ಅಯ್ಯೋ, ಗಾಯ ಕೂಡಿಕೊಳ್ಳುತ್ತಿದೆಯಲ್ಲ!’ ಎಂದು ಬೆರಗಾಗುತ್ತಾನೆ. ಇದು ಪಾತ್ರದ ಅಜ್ಞಾನವೇ? ಏನೂ ತಿಳಿಯದ ಕುರಿಗಾಹಿ ಹೆದರಿಕೆಯಲ್ಲಿ ಕೈಗೆ ಸಿಕ್ಕ ಪಂಜನ್ನೇ ಎಸೆಯುವ ಸಂಭವವೂ ಇತ್ತಲ್ಲ. ಆ ದಾರಿಯನ್ನು ಬೇಕೆಂದೇ ಬಿಟ್ಟವನು ಆಟಗಾರ, ಬಿಟ್ಟದ್ದು ತನಗೆ ಗೊತ್ತಿರುವ ಕಾರಣಕ್ಕೆ. ಬೆಂಕಿ ಹಚ್ಚಿದರೂ ಅವನ ತಿಳಿವಳಿಕೆಯೇ, ಹಚ್ಚದಿದ್ದರೂ ಅವನ ತಿಳಿವಳಿಕೆಯೇ. ನೀವು ಅಂಕ ಕೊಡುವುದು ಮಾತ್ರ ಎರಡನೆಯದಕ್ಕೆ.

ಆಟಗಾರನ ತಿಳಿವಳಿಕೆಯನ್ನೂ ಪಾತ್ರದ ತಿಳಿವಳಿಕೆಯನ್ನೂ ನಿಜವಾಗಿ ಬೇರ್ಪಡಿಸಬೇಕೆಂದರೆ ಪ್ರಷ್ಯನ್ ಸೇನೆಯವರ ಹಾಗೆ ಮಾಡಬೇಕು. 1824ರಲ್ಲಿ ರೈಸ್‌ವಿಟ್ಸ್ ಎಂಬ ಸೇನಾಧಿಕಾರಿ ಸಿದ್ಧಪಡಿಸಿದ ಯುದ್ಧದಾಟದಲ್ಲಿ ಎರಡು ಪಕ್ಷಗಳ ನಡುವೆ ಒಬ್ಬ ತೀರ್ಪುಗಾರ. ಶತ್ರುವಿನ ದಂಡು ಗುಡ್ಡದ ಆಚೆಗಿದ್ದರೆ ಅದನ್ನು ಸೂಚಿಸುವ ತುಂಡನ್ನು ನಕ್ಷೆಯ ಮೇಲೆ ಇಡುವುದೇ ಇಲ್ಲ. ಕಂಡದ್ದನ್ನು ಕಾಣದಂತೆ ನಟಿಸು ಎಂದು ಅವರು ಯಾರನ್ನೂ ಕೇಳಲಿಲ್ಲ, ತೋರಿಸಲಿಲ್ಲ ಅಷ್ಟೆ. ಐದು ಜನ ಒಂದೇ ಮೇಜಿಗೆ ಕುಳಿತು ಒಂದೇ ತಟ್ಟೆಯ ಚಕ್ಕುಲಿ ತಿನ್ನುವ ನಿಮ್ಮ ಆಟದಲ್ಲಿ ಅದು ಆಗುವ ಮಾತಲ್ಲ.

ಗೈಗ್ಯಾಕ್ಸ್ ಅವರಿಗೂ ಈ ವಿಷಯದಲ್ಲಿ ಇಬ್ಬಂದಿ ಇತ್ತು. 1975ರಲ್ಲಿ ಬಾಲ್ಟಿಮೋರ್‌ನ ಸಮ್ಮೇಳನವೊಂದಕ್ಕೆ ಅವರು ಒಯ್ದ ‘ಟೂಂಬ್ ಆಫ್ ಹಾರರ್ಸ್’ ಎಂಬ ಸಾಹಸಕಥೆಯ ಗೋರಿಯಲ್ಲಿ ಹೆಜ್ಜೆಗೊಂದು ಸಾವು. ಅಲ್ಲಿ ಪರೀಕ್ಷೆ ನಡೆಯುವುದು ಕುಳಿತು ಆಡುವವನ ತಲೆಗೆ. ಕೋಲಿನಿಂದ ನೆಲ ತಟ್ಟಿ ನೋಡುವ ಬುದ್ಧಿ ಆಟಗಾರನದೋ ಪಾತ್ರದ್ದೋ ಎಂದು ಅಲ್ಲಿ ಕೇಳುವವರಿಲ್ಲ. ಅದೇ ಮಹಾಶಯರು 1979ರ ಮಾಸ್ಟರ್‌ಗಳ ಕೈಪಿಡಿಯಲ್ಲಿ, ಈ ಪುಸ್ತಕ ಇಟ್ಟುಕೊಂಡ ಸಾಮಾನ್ಯ ಆಟಗಾರ ಗೌರವದ ಸಾವಿಗೂ ಅರ್ಹನಲ್ಲ ಎಂಬರ್ಥದಲ್ಲಿ ಗದರಿದ್ದಾರೆ. ನೀವು ಹೋಗುತ್ತಿರುವುದು ಆ ಗದರಿಕೆಯ ದಾರಿಯಲ್ಲಿ.

ಆಮೇಲೆ ಬಂದವರು ಹೆಚ್ಚು ಜಾಣರು. 1984ರ ‘ಪ್ಯಾರನೋಯಾ’ದಲ್ಲಿ ನಿಯಮಗಳು ಗೊತ್ತಿವೆ ಎಂದು ತೋರಿಸಿಕೊಳ್ಳುವುದೇ ರಾಜದ್ರೋಹ, ಪಾತ್ರಕ್ಕೆ ಅಲ್ಲಿಯೇ ಗುಂಡು. ನಿಮ್ಮ ಕಾಯಿಲೆಯನ್ನೇ ನಗೆಯಾಗಿಸಿದ ಆಟ ಅದು. 1981ರ ‘ಕಾಲ್ ಆಫ್ ಕ್ಥುಲ್ಹು’ ಆಟವಂತೂ ತಿಳಿವಳಿಕೆಗೆ ಬೆಲೆಯನ್ನೇ ಕಟ್ಟಿತು. ಅಲ್ಲಿ ಅತಿಪ್ರಾಚೀನ ದೈವಗಳ ಬಗ್ಗೆ ಪಾತ್ರಕ್ಕೆ ಎಷ್ಟು ಗೊತ್ತು ಎಂಬುದಕ್ಕೆ ಒಂದು ಅಂಕವಿದೆ. 99ರಿಂದ ಅದನ್ನು ಕಳೆದರೆ ಉಳಿಯುವುದೇ ಅವನ ಚಿತ್ತಸ್ವಾಸ್ಥ್ಯದ ಮಿತಿ. ಹೆಚ್ಚು ತಿಳಿದಷ್ಟೂ ಹುಚ್ಚಿಗೆ ಹತ್ತಿರ. ಆ ಮೇಜಿಗೆ ಕುಳಿತವರಿಗೆಲ್ಲ ಕೊನೆಗೆ ಕೆಟ್ಟದ್ದೇ ಕಾದಿದೆ ಎಂದು ಗೊತ್ತು. ಆದರೂ ನೆಲಮಾಳಿಗೆಯ ಬಾಗಿಲು ತೆರೆಯುತ್ತಾರೆ, ನಗುತ್ತಲೇ ತೆರೆಯುತ್ತಾರೆ.

ಇಷ್ಟು ಬರೆಯುವ ಹೊತ್ತಿಗೆ ನನಗೆ ನೆನಪಾದದ್ದು ಪುತ್ತೂರಿನ ಕಡೆಯ ಒಂದು ಮನೆಯ ಅಂಗಳ, ಅಲ್ಲಿ ನಡೆದ ‘ಕರ್ಣಭೇದನ’ ತಾಳಮದ್ದಳೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಮುಗಿಸಿದೊಡನೆ ಅರ್ಥಧಾರಿ ಸ್ಥಳದಲ್ಲೇ ಮಾತು ಕಟ್ಟಬೇಕು, ಎದುರಿನವನು ಏನು ಕೇಳಿಯಾನು ಎಂಬ ಸುಳಿವೂ ಇರುವುದಿಲ್ಲ. ನಿಮ್ಮ ಆಟವೇ ಅದು, ದಾಳವೊಂದಿಲ್ಲ. ಆ ರಾತ್ರಿ ಕರ್ಣನ ಅರ್ಥ ಹೇಳುತ್ತಿದ್ದ ಹಿರಿಯರು, ಜನ್ಮದ ಗುಟ್ಟನ್ನು ಕೃಷ್ಣ ಇನ್ನೂ ಹೇಳುವ ಮೊದಲೇ, ಮಾತಿನ ಭರದಲ್ಲಿ ‘ಆ ತಾಯಿ ಕುಂತಿ’ ಎಂದುಬಿಟ್ಟರು. ಕೃಷ್ಣನ ಅರ್ಥಧಾರಿ ಬಿಡುವವರೇ? ಹೆಗಲ ಶಾಲು ಸರಿಪಡಿಸಿಕೊಂಡು, ‘ತಾಯಿ ಎಂದೆಯಲ್ಲ ಕರ್ಣ, ನಿನಗೆ ಹೇಳಿದವರು ಯಾರು?’ ಎಂದರು. ಅಂಗಳ ಉಸಿರು ಬಿಗಿಹಿಡಿಯಿತು. ಕರ್ಣ ತಡಮಾಡಲಿಲ್ಲ: ‘ಪರಸ್ತ್ರೀಯರೆಲ್ಲ ನನಗೆ ತಾಯಂದಿರೇ, ಮಾಧವ. ನಿನ್ನ ಗೋಕುಲದಲ್ಲಿ ಬೇರೆ ಕ್ರಮವಿತ್ತೋ?’ ಮದ್ದಳೆಯವರೇ ನಗು ತಡೆಯಲಾರದೆ ತಲೆ ತಗ್ಗಿಸಿದರು. ಮುಂದೆ ಕೃಷ್ಣ ಗುಟ್ಟು ಬಿಚ್ಚಿದಾಗ ಅದೇ ಹಿರಿಯರು ಎಷ್ಟೋ ಹೊತ್ತು ಮಾತೇ ಆಡಲಿಲ್ಲ, ಕೈಯಲ್ಲಿದ್ದ ಕನ್ನಡಕವನ್ನು ಮಡಚುತ್ತಾ ಬಿಚ್ಚುತ್ತಾ ಕುಳಿತರು. ನನ್ನ ಪಕ್ಕದಲ್ಲಿದ್ದ ಅಜ್ಜಿ ಕಣ್ಣೊರೆಸಿಕೊಂಡರು. ಕರ್ಣ ಯಾರ ಮಗನೆಂದು ಆ ಅಜ್ಜಿಗೆ ಎಪ್ಪತ್ತು ವರ್ಷಗಳಿಂದ ಗೊತ್ತಿತ್ತು.

ಇದನ್ನು ಈಗ ಯಾರಿಗೆ ಹೇಳುವುದು? ನಮ್ಮದು ‘ಸ್ಪಾಯ್ಲರ್’ ಕಾಲ. ಸಿನಿಮಾದ ಮಾತೆತ್ತಿದರೆ ಕಿವಿ ಮುಚ್ಚಿಕೊಂಡು ಅಡುಗೆಮನೆಗೆ ಓಡುವವರು ನನ್ನ ಮನೆಯಲ್ಲೇ ಇದ್ದಾರೆ. ಕಳೆದ ವರ್ಷ ಈ ಪತ್ರಿಕೆಯ ಚಿತ್ರವಿಮರ್ಶೆಯೊಂದರಲ್ಲಿ ಕೊಲೆಗಾರ ಯಾರೆಂದು ಅಚ್ಚಾಗಿಬಿಟ್ಟಿತು, ಬೈದು ಬಂದ ಪತ್ರಗಳು ಹನ್ನೊಂದು. ಅದೇ ಸಂಚಿಕೆಯಲ್ಲಿ ಹಳ್ಳಿಯ ಗ್ರಂಥಾಲಯಗಳ ದುಃಸ್ಥಿತಿಯ ಬಗ್ಗೆ ನಾಲ್ಕು ಪುಟಗಳ ಲೇಖನವಿತ್ತು, ಬಂದ ಪತ್ರಗಳು ಎರಡು, ಅದರಲ್ಲೊಂದು ಲೇಖಕರ ಭಾವನವರದು. ಕೊನೆ ಗೊತ್ತಾದೊಡನೆ ಸತ್ತುಹೋಗುವ ಕತೆಗೆ ಇಷ್ಟೊಂದು ಕಾವಲು ಯಾಕೆ ಎಂದು ನಾನು ಕೇಳಿದರೆ, ವಯಸ್ಸಾಯಿತು ಎನ್ನುತ್ತಾರೆ. ಆಗಿದೆ, ನಿಜ.

ನಿಮ್ಮ ಮೇಜಿಗೆ ಮರಳುತ್ತೇನೆ. ಹುಡುಗನ ಅಂಕಗಳನ್ನು ಅವನಿಗೆ ವಾಪಸು ಕೊಡಿ. ಬರುವ ಭಾನುವಾರ ಸುಟ್ಟ ಟ್ರೋಲ್‌ನ ಹೊಗೆ ಇನ್ನೂ ಏಳುತ್ತಿರುವಾಗಲೇ ಆಟ ಶುರುವಾಗಲಿ. ನೀವು ‘ಕುರಿಗಾಹಿಗೆ ಹೇಗೆ ಗೊತ್ತು?’ ಎಂದು ಕೇಳಿದ್ದೇನೋ ಸರಿ, ಆದರೆ ಕೇಳಿದ್ದು ನನ್ನನ್ನು. ಅವನನ್ನು ಕೇಳಿ. ಅಂಕ ಕಡಿತಗೊಳಿಸುವ ಮೇಷ್ಟರ ದನಿಯಲ್ಲಿ ಬೇಡ, ಆ ಕೃಷ್ಣ ಕೇಳಿದ ಹಾಗೆ ಕೇಳಿ. ಅವನ ಮಂದೆಯ ಯಾವ ಕುರಿಯನ್ನು ಯಾವ ಚಳಿಗಾಲದಲ್ಲಿ ಇಂಥದೊಂದು ಪ್ರಾಣಿ ಹೊತ್ತೊಯ್ದಿತು, ಅದನ್ನು ಅಟ್ಟಿಸಿಕೊಂಡು ಹೋದ ಅವನ ಅಪ್ಪ ಮರಳಿ ಬಂದನೋ ಇಲ್ಲವೋ, ಎಲ್ಲವೂ ಹೊರಬೀಳಬಹುದು. ಏನೂ ಹೊಳೆಯದೆ ಅವನು ತಲೆ ಕೆರೆದುಕೊಂಡರೆ ಉಳಿದ ಮೂವರು ಸಹಾಯ ಮಾಡಲಿ.

ಅವನು ಕೊಟ್ಟ ಉತ್ತರವನ್ನು ನನಗೆ ಬರೆದು ತಿಳಿಸಿ. ಟ್ರೋಲ್‌ನ ಗತಿ ಏನಾಯಿತೆಂದು ಬರೆಯಬೇಕಿಲ್ಲ, ಗೊತ್ತಿದೆ.