ಬೆಳಗ್ಗೆ 89, ಆಮೇಲೆ 92: ಆಕ್ಸಿಮೀಟರ್ ಮಾತು ಎಷ್ಟು ನಂಬಬೇಕು?

ಪ್ರಶ್ನೆ: ನಮ್ಮಪ್ಪನಿಗೆ 66 ವರ್ಷ. ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ಬಹಳ ವರ್ಷ ದುಡಿದವರು, ಬೀಡಿ ಇನ್ನೂ ಪೂರ್ತಿ ಬಿಟ್ಟಿಲ್ಲ. ಸಿಒಪಿಡಿ (ಉಸಿರಾಟದ ದಾರಿ ಕಿರಿದಾಗುವ, ಬಹುಕಾಲ ಉಳಿಯುವ ಶ್ವಾಸಕೋಶದ ಕಾಯಿಲೆ) ಅಂತ ಡಾಕ್ಟರ್ ಇನ್‌ಹೇಲರ್ ಕೊಟ್ಟಿದ್ದಾರೆ. ಕೊರೊನಾ ಸಮಯದಲ್ಲಿ ತಂದ ಆಕ್ಸಿಮೀಟರ್ ಬೆಳಗ್ಗೆ 89 ತೋರಿಸುತ್ತದೆ, ಸ್ವಲ್ಪ ಹೊತ್ತಿಗೆ 92. ಆಕ್ಸಿಜನ್ ಮಷಿನ್ ತಂದು 98ಕ್ಕೆ ಏರಿಸೋಣವೇ?

ಉತ್ತರ: ಬೇಡ. ನೀವಾಗಿಯೇ ಮಷಿನ್ ತರಬೇಡಿ. 98ರ ಆಸೆಯನ್ನಂತೂ ಮೊದಲು ಬಿಡಿ.

ಆರೋಗ್ಯವಂತರಲ್ಲಿ ಸ್ಯಾಚುರೇಷನ್, ಅಂದರೆ ರಕ್ತದ ಹಿಮೋಗ್ಲೋಬಿನ್‌ನಲ್ಲಿ ನೂರಕ್ಕೆ ಎಷ್ಟು ಪಾಲು ಆಕ್ಸಿಜನ್ ಹೊತ್ತಿದೆ ಎಂಬ ಅಂಕಿ, ಸಾಮಾನ್ಯವಾಗಿ 95ರಿಂದ 100 ಇರುತ್ತದೆ, ನಿಜ. ಆದರೆ ಸಿಒಪಿಡಿ ಜಾಸ್ತಿಯಾದ ಕೆಲವರ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಉಳಿದುಬಿಡುತ್ತದೆ. ಅಂಥವರಿಗೆ ಆಕ್ಸಿಜನ್ ವಿಪರೀತ ಕೊಟ್ಟರೆ ಆ ಡೈಆಕ್ಸೈಡ್ ಇನ್ನೂ ಏರುತ್ತದೆ. ಮಂಪರು ಬರುತ್ತದೆ, ಪ್ರಜ್ಞೆಯೂ ತಪ್ಪಬಹುದು. ಅದಕ್ಕೇ ಇಂಥ ರೋಗಿಗಳಿಗೆ ಆಸ್ಪತ್ರೆಯಲ್ಲೂ 88ರಿಂದ 92ರ ಗುರಿ ಇಟ್ಟುಕೊಂಡು ಅಳೆದು ಕೊಡುತ್ತಾರೆ. ಹಾಗಂತ 89 ಇದ್ದರೆ ಸುಮ್ನೆ ಇರಬಹುದು ಅಂತಲ್ಲ. ಅದು ಆಕ್ಸಿಜನ್ ಕೊಡುವಾಗಿನ ಗುರಿ ಅಷ್ಟೆ.

ಇನ್ನು ಬೆಳಗ್ಗೆಯ 89. ಮೀಟರ್ ಕೆಂಪು ಬೆಳಕು ಮತ್ತು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ಬೆರಳಿನೊಳಗೆ ಬಿಡುತ್ತದೆ. ನಾಡಿ ಮಿಡಿದಾಗ ಯಾವ ಬೆಳಕು ಎಷ್ಟು ಹೀರಿಹೋಯಿತು ಅಂತ ನೋಡಿ ಲೆಕ್ಕ ಹಾಕುತ್ತದೆ. ಬೆರಳು ತಣ್ಣಗಿದ್ದರೆ ರಕ್ತದ ಓಡಾಟ ಕಡಿಮೆ, ಲೆಕ್ಕ ತಪ್ಪುತ್ತದೆ. ಕೈ ಅಲುಗಾಡಿದರೂ, ಉಗುರಿಗೆ ಬಣ್ಣ ಇದ್ದರೂ ಹಾಗೇ. ಎಲ್ಲ ಸರಿಯಿದ್ದರೂ ಎರಡು ಮೂರು ಅಂಕಿ ಆಚೀಚೆ ಆಗುವುದು ಸಹಜ. ಕಪ್ಪು ಚರ್ಮದವರಲ್ಲಿ ನಿಜಕ್ಕಿಂತ ಸ್ವಲ್ಪ ಜಾಸ್ತಿ ತೋರಿಸುವುದೂ ಉಂಟು.

ಅಪ್ಪನನ್ನು ಐದು ನಿಮಿಷ ಕೂರಿಸಿ. ಕೈ ಉಜ್ಜಿ ಬೆಚ್ಚಗೆ ಮಾಡಿ, ನಡುಬೆರಳಿಗೆ ಹಾಕಿ, ಅಂಕಿ ನಿಲ್ಲುವವರೆಗೆ ಒಂದು ನಿಮಿಷ ಕಾಯಿರಿ. ಮೀಟರ್ ತೋರಿಸುವ ನಾಡಿ ಬಡಿತ ಮಣಿಕಟ್ಟಿನಲ್ಲಿ ಎಣಿಸಿದ್ದಕ್ಕೆ ತಾಳೆಯಾಗದಿದ್ದರೆ ಆ ಸ್ಯಾಚುರೇಷನ್ನೂ ನಂಬಬೇಡಿ. ಹೀಗೆ ಒಂದು ವಾರ ಬರೆದಿಡಿ. ಅವರ ಮಾಮೂಲಿ ಅಂಕಿ ಎಷ್ಟು ಅಂತ ಆಗ ಗೊತ್ತಾಗುತ್ತದೆ. ಡಾಕ್ಟರಿಗೆ ಬೇಕಾಗಿರುವುದೂ ಅದೇ.

ಒಂದು ಮಾತು, ಭಟ್ಟಿಯ ವಿಷಯ ಬಂದಿದ್ದಕ್ಕೆ. ಗಾಳಿಯಾಡದ ಜಾಗದಲ್ಲಿ ಹೊಗೆ ಕುಡಿದು ತಲೆನೋವು, ವಾಂತಿ ಬಂದವರಿಗೆ ಈ ಮೀಟರ್ ಹಾಕಿ 99 ಇದೆ ಅಂತ ಸಮಾಧಾನ ಪಡಬೇಡಿ. ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡ್ ಹಿಮೋಗ್ಲೋಬಿನ್‌ಗೆ ಅಂಟಿಕೊಂಡಿದ್ದರೂ ಮೀಟರ್ ಅದನ್ನು ಆಕ್ಸಿಜನ್ ಅಂತಲೇ ಎಣಿಸುತ್ತದೆ. ಬೀಡಿ ಸೇದುವವರಲ್ಲೂ ಇದೇ ಕಾರಣಕ್ಕೆ ಅಂಕಿ ತುಸು ಏರಿರುತ್ತದೆ. ರಕ್ತಹೀನತೆಯೂ ಇದರಲ್ಲಿ ಕಾಣುವುದಿಲ್ಲ.

ಸುಮ್ಮನೆ ಕೂತಾಗಲೂ 88 ಅಥವಾ ಅದಕ್ಕಿಂತ ಕೆಳಗೇ ಇರುತ್ತಿದ್ದರೆ ತಡ ಮಾಡದೆ ಎದೆರೋಗ ತಜ್ಞರಿಗೆ ತೋರಿಸಿ. ಅವರು ಮಣಿಕಟ್ಟಿನ ಅಪಧಮನಿಯಿಂದ ರಕ್ತ ತೆಗೆದು ಎಬಿಜಿ (ರಕ್ತದಲ್ಲಿನ ಆಕ್ಸಿಜನ್, ಇಂಗಾಲದ ಡೈಆಕ್ಸೈಡ್ ಅಳೆಯುವ) ಪರೀಕ್ಷೆ ಮಾಡಿಸುತ್ತಾರೆ. ಮನೆಯಲ್ಲಿ ಆಕ್ಸಿಜನ್ ಬೇಕೋ, ಎಷ್ಟು ಲೀಟರ್, ದಿನಕ್ಕೆ ಎಷ್ಟು ಗಂಟೆ ಅಂತ ತೀರ್ಮಾನಿಸುವವರು ಅವರೇ. ಮಷಿನ್ ಬಂತು ಅಂದರೆ ಬೀಡಿ ಮನೆಯಿಂದಲೇ ಆಚೆ ಹೋಗಬೇಕು, ಆಕ್ಸಿಜನ್ ಇದ್ದಲ್ಲಿ ಕಿಡಿ ಬಿದ್ದರೆ ಮುಖವೇ ಸುಟ್ಟೀತು.

ಮಾತಾಡಲೂ ಆಗದಷ್ಟು ಉಬ್ಬಸ, ತುಟಿ ನೀಲಿ, ಮಂಕು, ತಡೆಯಲಾಗದ ನಿದ್ದೆ ಕಂಡರೆ ಮೀಟರ್ ಹುಡುಕುತ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ. ಉಳಿದಂತೆ ಮುಂದಿನ ಸಲ ಡಾಕ್ಟರ್ ಹತ್ತಿರ ಹೋಗುವಾಗ ನಿಮ್ಮ ಮೀಟರನ್ನೂ ಜೊತೆಗೆ ಒಯ್ಯಿರಿ. ಅಲ್ಲಿನ ಮೀಟರ್ ಒಂದು ಬೆರಳಿಗೆ, ನಿಮ್ಮದು ಪಕ್ಕದ ಬೆರಳಿಗೆ ಹಾಕಿ ನೋಡಿದರೆ ನಿಮ್ಮದು ಎಷ್ಟು ಸರಿಯಿದೆ ಅಂತ ಅಲ್ಲೇ ತಿಳಿಯುತ್ತದೆ.