ಕರೆ ಮುಗಿದ ಮೇಲಿನ ಅರ್ಧ ಗಂಟೆ

ಪ್ರಶ್ನೆ: ಕೆಲಸಕ್ಕೆಂದು ವಿದೇಶಕ್ಕೆ ಬಂದು ಮೂರು ತಿಂಗಳಾಯಿತು. ದಿನಾ ರಾತ್ರಿ ಮಲಗುವ ಮುಂಚೆ ಮನೆಗೆ ವಿಡಿಯೊ ಕರೆ ಮಾಡುತ್ತೇನೆ, ಒಂದೂವರೆ ಗಂಟೆಯಾದರೂ ಮಾತಾಡುತ್ತೇವೆ. ಫೋನ್ ಇಟ್ಟ ಮೇಲೆ ಅಳು ಉಕ್ಕಿ ಬರುತ್ತದೆ, ನಿದ್ದೆ ಹತ್ತುವುದಿಲ್ಲ. ಮೊದಲ ತಿಂಗಳು ಚೆನ್ನಾಗಿಯೇ ಇದ್ದೆ, ಈಗ ಯಾಕೆ ಹೀಗೆ? ಕರೆ ಮಾಡುವುದನ್ನೇ ಬಿಡಬೇಕೆ?

ಉತ್ತರ: ಬಿಡಬೇಡಿ, ಹೊತ್ತು ಬದಲಿಸಿ. ಮೊದಲ ತಿಂಗಳು ಮನೆ ಹುಡುಕುವುದು, ಬ್ಯಾಂಕ್ ಖಾತೆ, ಸಿಮ್, ಹೊಸ ದಾರಿ ಎಂದು ಮನಸ್ಸಿಗೆ ಬಿಡುವೇ ಇರಲಿಲ್ಲ. ಈಗ ಆ ಓಡಾಟ ಮುಗಿದಿದೆ. ಸಂಜೆಗಳು ಖಾಲಿಯಾಗಿವೆ, ಅವನ್ನು ತುಂಬುವ ಜನ ಇನ್ನೂ ಸಿಕ್ಕಿಲ್ಲ. ಎರಡನೆಯ, ಮೂರನೆಯ ತಿಂಗಳಲ್ಲಿ ಮನೆಯ ನೆನಪು ಜೋರಾಗಿ ಕಾಡುವುದು ಇದಕ್ಕೇ. ಇದು ನಿಮ್ಮ ದೌರ್ಬಲ್ಯವಲ್ಲ. 1688ರಲ್ಲೇ ಯೊಹಾನೆಸ್ ಹೋಫರ್ ಎಂಬ ವೈದ್ಯವಿದ್ಯಾರ್ಥಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಬರೆದ ಪ್ರಬಂಧದಲ್ಲಿ ಇದಕ್ಕೆ ‘ನಾಸ್ಟಾಲ್ಜಿಯಾ’ ಎಂದು ಹೆಸರಿಟ್ಟಿದ್ದ. ಮನೆಗೆ ಮರಳುವುದು, ನೋವು ಎಂಬ ಎರಡು ಗ್ರೀಕ್ ಪದ ಕೂಡಿಸಿ ಕಟ್ಟಿದ ಹೆಸರು ಅದು.

ನಿಮ್ಮ ತೊಂದರೆಯಿರುವುದು ಕರೆ ಮುಗಿದ ಮೇಲಿನ ಅರ್ಧ ಗಂಟೆಯಲ್ಲಿ. ಪರದೆ ಕಪ್ಪಾಗುತ್ತದೆ, ಅದರಲ್ಲಿ ನಿಮ್ಮದೇ ಮುಖ ಕಾಣುತ್ತದೆ, ಕೋಣೆ ಗಪ್‌ಚಿಪ್. ದೇಹ ದಣಿದಿದೆ, ಮುಂದೆ ಮಾಡಲು ಕೆಲಸವಿಲ್ಲ. ಮನಸ್ಸು ಹಿಂದಕ್ಕಲ್ಲದೆ ಇನ್ನೆಲ್ಲಿಗೆ ಹೋದೀತು? ಆದ್ದರಿಂದ ಎರಡೂ ಕಡೆಯ ಗಡಿಯಾರ ನೋಡಿಕೊಂಡು ಕರೆಯನ್ನು ಬೆಳಗ್ಗೆಗೋ ಸಂಜೆಯ ಆರಂಭಕ್ಕೋ ತನ್ನಿ. ಮುಗಿದ ಹತ್ತು ನಿಮಿಷದೊಳಗೆ ಮನೆಯಿಂದ ಹೊರಗೆ ಕಾಲಿಡುವಂಥ ಕೆಲಸವೊಂದು ಕಾದಿರಲಿ: ಕಚೇರಿ, ತರಗತಿ, ಹೊರಗಿನ ಲಾಂಡ್ರಿಯಲ್ಲಿ ಬಟ್ಟೆ ಒಗೆಯುವುದು, ಏನಾದರೂ ಸರಿ.

ಒಂದೂವರೆ ಗಂಟೆಯನ್ನು ಒಮ್ಮೆಲೇ ಕತ್ತರಿಸಬೇಡಿ. ಹಾಗೆ ಮಾಡಿದವರು ನಾಲ್ಕನೆಯ ದಿನಕ್ಕೇ ಸೋತು, ಮೂರು ಗಂಟೆ ಮಾತಾಡಿಬಿಡುತ್ತಾರೆ. ಮೊದಲ ವಾರ ದಿನಕ್ಕೆ ಒಂದು ಗಂಟೆ, ಎರಡನೆಯ ವಾರ ಅರ್ಧ ಗಂಟೆ, ಆಮೇಲೆ ವಾರಕ್ಕೆ ಮೂರು ದಿನ ಸಾಕು. ಉಳಿದ ದಿನ ಒಂದು ನಿಮಿಷದ ಧ್ವನಿ ಸಂದೇಶ ಕಳಿಸಿ. ಇದನ್ನೆಲ್ಲ ಮನೆಯವರಿಗೆ ಮುಂಚೆಯೇ ಹೇಳಿಡಿ. ಇಲ್ಲವಾದರೆ ಕರೆ ಬಾರದ ದಿನ ಅವರಿಗೆ ಗಾಬರಿ. ನೀವಿರುವುದು ಬೇಸಿಗೆ-ಚಳಿಗಾಲಕ್ಕೆ ಗಡಿಯಾರ ತಿದ್ದುವ ದೇಶವಾದರೆ ಗೊತ್ತಾದ ಹೊತ್ತು ಒಂದು ಗಂಟೆ ಜಾರುತ್ತದೆ. ಯುರೋಪಿನಲ್ಲಿ ಮಾರ್ಚ್ ಮತ್ತು ಅಕ್ಟೋಬರ್‌ನ ಕೊನೆಯ ಭಾನುವಾರ, ಅಮೆರಿಕದಲ್ಲಿ ಮಾರ್ಚ್‌ನ ಎರಡನೆಯ ಹಾಗೂ ನವೆಂಬರ್‌ನ ಮೊದಲ ಭಾನುವಾರ ಈ ಬದಲಾವಣೆ. ಹಿಂದಿನ ದಿನವೇ ನೆನಪಿಸಿ.

‘ಮತ್ತೇನು ಸಮಾಚಾರ?’ ಎಂದು ಮುಖ ಮುಖ ನೋಡುತ್ತಾ ಕೂರುವುದಕ್ಕಿಂತ ಫೋನನ್ನು ಗೋಡೆಗೆ ಒರಗಿಸಿ ಅವರೊಂದು ಕಡೆ, ನೀವೊಂದು ಕಡೆ ಬಟ್ಟೆ ಮಡಚುತ್ತಾ ಮಾತಾಡಿ. ಮನೆಯಲ್ಲಿದ್ದಾಗಲೂ ನಾವು ಹಾಗೇ ಅಲ್ಲವೇ ಮಾತಾಡುತ್ತಿದ್ದುದು!

ಇನ್ನು ಜನ. ಅಮೆರಿಕದ ಕಾನ್ಸಾಸ್ ವಿಶ್ವವಿದ್ಯಾಲಯದ ಸಂಶೋಧಕ ಜೆಫ್ರಿ ಹಾಲ್ 2018ರಲ್ಲಿ ಪ್ರಕಟಿಸಿದ ಅಧ್ಯಯನದ ಅಂದಾಜಿನಂತೆ, ಪರಿಚಯ ಸಾಧಾರಣ ಸ್ನೇಹವಾಗಲು ಒಟ್ಟಿಗೆ ಕಳೆದ ಸುಮಾರು 50 ಗಂಟೆ ಬೇಕು, ಆಪ್ತ ಗೆಳೆತನಕ್ಕೆ 200ಕ್ಕೂ ಹೆಚ್ಚು. ವಾರಕ್ಕೆ ಎರಡು ಗಂಟೆಯ ತರಗತಿಯೊಂದಕ್ಕೆ ಸೇರಿದರೆ 50 ಮುಟ್ಟಲು 25 ವಾರ. ಅದೇ ತರಗತಿ ಮುಗಿದ ಮೇಲೆ ಇನ್ನೊಂದು ಗಂಟೆ ಅವರೊಡನೆ ಉಳಿದರೆ 17 ವಾರ. ಮೂರು ತಿಂಗಳಿಗೆ ಸ್ನೇಹಿತರಾಗಲಿಲ್ಲವೆಂದು ಕೊರಗುವವರು ಈ ಲೆಕ್ಕ ನೋಡಬೇಕು. ಒಂದೇ ಸಲದ ಪಾರ್ಟಿಗಳನ್ನು ಬಿಡಿ. ಅದೇ ವಾರ, ಅದೇ ಹೊತ್ತು, ಅದೇ ಮುಖಗಳು ಸಿಗುವ ಕಡೆ ಹೋಗಿ. ನಿಮ್ಮ ಭಾಷೆಯವರ ಜೊತೆ ಬೆರೆಯಲೂ ಸಂಕೋಚ ಬೇಡ. ದಿನವಿಡೀ ಪರಭಾಷೆಯಲ್ಲಿ ಪದ ಹುಡುಕಿದ ತಲೆಗೆ ಅದು ವಿಶ್ರಾಂತಿ. ಆದರೆ ವಾರದ ಬಿಡುವೆಲ್ಲ ಅಲ್ಲೇ ಕಳೆದರೆ ಹೊಸ ಊರು ಕೊನೆತನಕ ಪರಊರಾಗಿಯೇ ಉಳಿಯುತ್ತದೆ.

ಪ್ರಶ್ನೆ: ಇಲ್ಲಿ ಚಳಿಗಾಲದಲ್ಲಿ ನಾಲ್ಕು ಗಂಟೆಗೇ ಕತ್ತಲು. ಎಷ್ಟು ಮಲಗಿದರೂ ಸಾಲದು, ಮನೆಯ ನೆನಪು ಇನ್ನೂ ಹೆಚ್ಚು.

ಉತ್ತರ: ಇದರಲ್ಲಿ ಒಂದು ಪಾಲು ಬೆಳಕಿನ ಕೊರತೆಯದಿರಬಹುದು. ಎದ್ದ ಮೇಲೆ, ಬೆಳಕು ಹರಿದ ಕೂಡಲೇ ಅರ್ಧ ಗಂಟೆ ಹೊರಗೆ ನಡೆಯಿರಿ. ಮೋಡವಿದ್ದರೂ ಹಗಲಿನ ಬೆಳಕು ಕೋಣೆಯ ದೀಪಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಅದು ಸಾಲದಿದ್ದರೆ 10,000 ಲಕ್ಸ್‌ನ (ಲಕ್ಸ್ ಎಂದರೆ ಬೆಳಕಿನ ಪ್ರಖರತೆಯ ಅಳತೆ) ದೀಪ: ಬೆಳಗ್ಗೆ 20ರಿಂದ 30 ನಿಮಿಷ, ತಯಾರಕರು ಹೇಳಿದ ದೂರದಲ್ಲಿ, ಕಣ್ಣು ನೆಡದೆ ಓರೆಯಾಗಿಟ್ಟುಕೊಂಡು. ದೂರ ಹೆಚ್ಚಿದರೆ ಪ್ರಯೋಜನ ಕುಗ್ಗುತ್ತದೆ, ಸಂಜೆ ಬಳಸಿದರೆ ನಿದ್ದೆ ಕೆಡುತ್ತದೆ. ಕಣ್ಣಿನ ಕಾಯಿಲೆ ಅಥವಾ ಬೈಪೋಲಾರ್ ಸಮಸ್ಯೆ (ಮನಸ್ಸು ಅತಿ ಉತ್ಸಾಹ, ಖಿನ್ನತೆಗಳ ನಡುವೆ ಏರಿಳಿಯುವ ಕಾಯಿಲೆ) ಇರುವವರು ವೈದ್ಯರನ್ನು ಕೇಳದೆ ಬಳಸಬಾರದು.

ಪ್ರಶ್ನೆ: ಮಗಳು ಹೊರದೇಶದಲ್ಲಿ ಓದುತ್ತಿದ್ದಾಳೆ. ‘ವಾಪಸ್ ಬಂದುಬಿಡ್ತೀನಿ’ ಎಂದು ಅಳುತ್ತಾಳೆ. ನಾವೇನು ಹೇಳಬೇಕು?

ಉತ್ತರ: ‘ಅಳಬೇಡ’ ಎನ್ನಬೇಡಿ, ಖರ್ಚಿನ ಮಾತು ಎತ್ತಲೇಬೇಡಿ. ‘ನಾಳೆಯೇ ಬಾ’ ಎಂದು ಟಿಕೆಟ್ ತೆಗೆಯುವುದೂ ಬೇಡ. ಹತ್ತು ನಿಮಿಷ ಸುಮ್ಮನೆ ಕೇಳಿಸಿಕೊಳ್ಳಿ. ಆಮೇಲೆ ಊಟ, ನಿದ್ದೆ, ತರಗತಿ, ಈ ಮೂರನ್ನು ಬಿಡಿಬಿಡಿಯಾಗಿ ವಿಚಾರಿಸಿ. ಮೂರೂ ನಡೆಯುತ್ತಿದ್ದರೆ, ಆರು ವಾರದಾಚೆಯ ಒಂದು ದಿನವನ್ನು ಇಬ್ಬರೂ ಸೇರಿ ಗೊತ್ತುಮಾಡಿ. ವಾಪಸಾತಿಯ ತೀರ್ಮಾನ ಅವತ್ತು ಹಗಲಿನಲ್ಲಿ, ರಾತ್ರಿಯಲ್ಲಲ್ಲ. ಬಾಗಿಲು ತೆರೆದಿದೆ ಎಂದು ಗೊತ್ತಾದರೆ ಎಷ್ಟೋ ಮಕ್ಕಳಿಗೆ ಉಸಿರಾಡುವಂತಾಗುತ್ತದೆ.

ಎರಡು ವಾರವಾದರೂ ಯಾವುದರಲ್ಲೂ ಆಸಕ್ತಿಯಿಲ್ಲ, ಊಟ-ನಿದ್ದೆ ಕೆಟ್ಟಿದೆ, ತರಗತಿಗೆ ಹೋಗುತ್ತಿಲ್ಲ ಎಂದಾದರೆ ಅದು ಬರೀ ಮನೆಯ ನೆನಪಲ್ಲ, ಖಿನ್ನತೆ ಇರಬಹುದು. ವೈದ್ಯರನ್ನೋ ಕಾಲೇಜಿನ ಆಪ್ತಸಮಾಲೋಚಕರನ್ನೋ ಆ ವಾರವೇ ಕಾಣಲಿ. ಸಾಯುವ ಮಾತು ಬಂದರೆ ಒಂದು ಗಳಿಗೆಯೂ ಕಾಯಬೇಡಿ: ಅವಳನ್ನು ಕರೆಯಲ್ಲೇ ಇರಿಸಿಕೊಂಡು, ಇನ್ನೊಂದು ಫೋನಿನಿಂದ ಹತ್ತಿರದಲ್ಲಿರುವವರನ್ನು ಅವಳ ಕೋಣೆಗೆ ಕಳಿಸಿ. ಅಲ್ಲಿನ ಮೂರಂಕಿಯ ತುರ್ತು ಸಂಖ್ಯೆಗೆ ಬೇರೆ ದೇಶದಿಂದ ಕರೆ ಹೋಗುವುದಿಲ್ಲ ಎಂಬುದು ಎಷ್ಟೋ ಪೋಷಕರಿಗೆ ತಿಳಿಯುವುದು ಆ ಹೊತ್ತಿನಲ್ಲೇ. ಕಾಲೇಜಿನ ಭದ್ರತಾ ಕಚೇರಿ ಮತ್ತು ಸ್ಥಳೀಯ ಪೊಲೀಸರ ಪೂರ್ಣ ಸಂಖ್ಯೆ, ದೇಶದ ಕೋಡ್ ಸಹಿತ; ಜೊತೆವಾಸಿಯ ಫೋನ್; ಕೋಣೆಯ ನಂಬರಿನವರೆಗಿನ ವಿಳಾಸ. ಇಷ್ಟನ್ನು ಇವತ್ತೇ ಕಾಗದದ ಮೇಲೆ ಬರೆದು ಕಣ್ಣಿಗೆ ಬೀಳುವ ಕಡೆ ಅಂಟಿಸಿಡಿ.